ಕುಕ್ಕುಟ ಸಾಹಿತ್ಯಕ್ಕೊಂದು ಸನ್ಮಾನ

ಸನ್ಮಾನ ಮಾಡಿಸಿಕೊಂಡವರಿಗೆ ಶಾಲು ಸಿಗುತ್ತದೆ, ಪೇಟ ಸಿಗುತ್ತದೆ, ಹಣ್ಣಿನ ಬುಟ್ಟಿ ಸಿಗುತ್ತದೆ. ತಾವು ಎಂಥ ಮಹಾನುಭಾವರು ಎಂಬುದನ್ನು ಅವರಿಗೇ ಮೊದಲ ಬಾರಿಗೆ ತಿಳಿಸುವ ಒಂದು ಪರಿಚಯ ಭಾಷಣವೂ ಸಿಗುತ್ತದೆ. ದೋಹಾದ ನಮ್ಮ ಕನ್ನಡ ಸಂಘದಲ್ಲಿ ಆ ಭಾಷಣ ಬರೆದು ಓದುವವನು ನಾನು. ಹೊಟ್ಟೆಪಾಡಿಗೆ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಪೈಪು, ವಾಲ್ವುಗಳ ಖರೀದಿ ನೋಡಿಕೊಳ್ಳುತ್ತೇನೆ. ಉಳಿದ ಹೊತ್ತಿನಲ್ಲಿ ಜನರನ್ನು ಹೊಗಳುತ್ತೇನೆ.

ನನ್ನ ಭಾಷಣಕ್ಕೆ ಒಂದು ಅಚ್ಚು ಇದೆ. ಅದರಲ್ಲಿ ಎಲ್ಲರೂ ಕಡು ಬಡತನದಲ್ಲೇ ಹುಟ್ಟುತ್ತಾರೆ, ಬೀದಿ ದೀಪದ ಕೆಳಗೆ ಓದುತ್ತಾರೆ, ಬರಿಗಾಲಲ್ಲಿ ಶಾಲೆಗೆ ಹೋಗುತ್ತಾರೆ. ಅಪ್ಪನಿಗೆ ಬಸ್ಸುಗಳಿದ್ದವರನ್ನೂ ನಾನು ಬರಿಗಾಲಲ್ಲಿ ನಡೆಸಿದ್ದೇನೆ. ಒಮ್ಮೆ ಸನ್ಮಾನಿತರ ತಾಯಿಯೇ ಊರಿನಿಂದ ಬಂದು ಎದುರಿನ ಸಾಲಿನಲ್ಲಿ ಕೂತಿದ್ದರು. ನಮ್ಮ ಬೀದಿಯಲ್ಲಿ ದೀಪವೇ ಇರಲಿಲ್ಲವಲ್ಲ ಎಂದು ಅವರು ಗಟ್ಟಿಯಾಗಿಯೇ ಹೇಳಿದರು. ಚಪ್ಪಾಳೆಯ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ನನ್ನ ಪುಣ್ಯ.

ಭಾಷಣದ ನಡುವೆ ಉಪ್ಪಿನಕಾಯಿಯ ಹಾಗೆ ಅಲ್ಲಲ್ಲಿ ಹಾಸ್ಯ ಸೇರಿಸುತ್ತೇನೆ. ಸಭೆ ನಗುತ್ತದೆ, ಹಿಂದಿನ ಸಾಲಿನವರು ಸಿಳ್ಳೆ ಹಾಕುವುದೂ ಉಂಟು. ನಗದವಳು ಒಬ್ಬಳೇ, ನನ್ನ ಹೆಂಡತಿ. ಅವಳು ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಉಸಿರು ಹಿಡಿಯಿರಿ, ಅಲುಗಾಡಬೇಡಿ ಎಂದು ದಿನವಿಡೀ ಜನರಿಗೆ ಹೇಳಿ ಹೇಳಿ ತಾನೂ ಹಾಗೇ ಆಗಿಬಿಟ್ಟಳು ಎಂದು ಸ್ನೇಹಿತರ ಹತ್ತಿರ ಹೇಳಿಕೊಳ್ಳುತ್ತೇನೆ. ಅದು ಸುಳ್ಳು, ಮದುವೆಗೆ ಮೊದಲೂ ಹಾಗೆಯೇ ಇದ್ದಳು. ಹೆಣ್ಣು ನೋಡಲು ಹೋದ ದಿನ ನಾನು ಹೇಳಿದ ಜೋಕಿಗೆ ಅವಳ ಅಪ್ಪ ನಕ್ಕರು, ಅಮ್ಮ ನಕ್ಕರು, ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತಿಗೆಯೂ ನಕ್ಕರು. ಅವಳು ಮಾತ್ರ ನನ್ನ ಮುಖವನ್ನೇ ನೋಡಿ "ಆಮೇಲೆ?" ಎಂದು ಕೇಳಿದಳು. ಇಂದಿಗೂ ಅದನ್ನೇ ಕೇಳುತ್ತಾಳೆ.

ನಾವಿರುವುದು ಅಲ್ ಗರಾಫಾದಲ್ಲಿ. ಒಂದು ದೊಡ್ಡ ವಿಲ್ಲಾಕ್ಕೆ ಸಿಕ್ಕಸಿಕ್ಕಲ್ಲಿ ಗೋಡೆ ಎಬ್ಬಿಸಿ ಹಲವು ಮನೆ ಮಾಡಿದ್ದಾರೆ, ಅದರಲ್ಲಿ ಕೆಳಗಿನದು ನಮ್ಮದು. ನಮ್ಮ ಅಡುಗೆಮನೆ ಒಂದು ಕಾಲದಲ್ಲಿ ಯಾರೋ ಅತಿಥಿಗಳನ್ನು ಕೂರಿಸುತ್ತಿದ್ದ ಮಜ್ಲಿಸ್ ಆಗಿತ್ತು. ಈಗಲೂ ಒಲೆಯ ಮೇಲ್ಗಡೆ ಚಾವಣಿಯಲ್ಲಿ ಜಿಪ್ಸಮ್ಮಿನ ಹೂಬಳ್ಳಿ ಇದೆ, ಒಗ್ಗರಣೆಯ ಹೊಗೆಗೆ ಕಂದು ಬಣ್ಣಕ್ಕೆ ತಿರುಗಿದೆ. ಮಕ್ಕಳಿಬ್ಬರೂ ಊರಲ್ಲಿ ಕಾಲೇಜು ಓದುತ್ತಿರುವುದರಿಂದ ಮನೆಯಲ್ಲಿ ನಾವಿಬ್ಬರೇ. ಹಾಗೆಂದು ಮನೆ ಯಾವತ್ತೂ ನಿಶ್ಶಬ್ದವಾಗಿರುವುದಿಲ್ಲ, ನಾನಿದ್ದೇನಲ್ಲ.

ನಮ್ಮ ಮೇಲಿನ ಮನೆಗೆ ಒಂದು ಐರಿಷ್ ದಂಪತಿ ಬಂದರು. ಗಂಡ ವಿಮಾನ ನಿಲ್ದಾಣದಲ್ಲಿ ಬೆಂಕಿ ಆರಿಸುವವರಿಗೆ ತರಬೇತಿ ಕೊಡುವವರು. ಹೆಂಡತಿ, ಅರವತ್ತರ ಆಸುಪಾಸಿನವರು, ದೊಡ್ಡ ಟೋಪಿ ಹಾಕಿಕೊಂಡು ಮಟಮಟ ಮಧ್ಯಾಹ್ನ ತಾರಸಿಯ ಮೇಲೆ ಅಡ್ಡಾಡುತ್ತ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಕಟ್ಟಡದವರೆಲ್ಲ ಒಮ್ಮತದಿಂದ ತೀರ್ಮಾನಿಸಿದೆವು. ಆಮೇಲೆ ಗೊತ್ತಾಯಿತು, ಮಕ್ಕಳ ಪುಸ್ತಕ ಬರೆಯುವವರಂತೆ. ತೀರ್ಮಾನವನ್ನು ಬದಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಒಂದು ಶುಕ್ರವಾರ ಹೆಂಡತಿ ಒಣ ಸಿಗಡಿ ಹುರಿಯುತ್ತಿದ್ದಳು. ಗಲ್ಫಿನಲ್ಲಿ ಒಣ ಮೀನು ಹುರಿಯುವುದೆಂದರೆ ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಅಕ್ಕಪಕ್ಕದವರು ಎಷ್ಟು ಸಹನಶೀಲರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮಾಡುವ ಕೆಲಸ. ಬಾಗಿಲು ಬಡಿದ ಸದ್ದಾಯಿತು. "ಬಂತು ನೋಡಿ ಕಂಪ್ಲೇಂಟು. ಮಾತಾಡ್ಲಿಕ್ಕೆ ನೀವೇ ಹೋಗಿ" ಎಂದಳು. ಬಾಗಿಲಲ್ಲಿ ಮೇಲಿನ ಮನೆಯ ಹೆಂಗಸು ನಿಂತಿದ್ದರು. ಕ್ಷಮಾಪಣೆಯ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ನಾನು ಜೋಡಿಸಿಕೊಳ್ಳುವಷ್ಟರಲ್ಲಿ ಅವರು, ಇದೆಂಥ ವಾಸನೆ, ಇದನ್ನು ತಿನ್ನಬಹುದೇ ಎಂದು ಕೇಳಿದರು. ಅಂದು ಅವರು ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಗೆ ಸಿಗಡಿ ಚಟ್ನಿ ಹಾಕಿಕೊಂಡು, ಕಣ್ಣು ಮೂಗು ಎರಡರಲ್ಲೂ ನೀರು ಸುರಿಸುತ್ತ ಉಂಡು, ಇನ್ನೊಂದು ಸೌಟು ಬೇಕೆಂದರು. ಅಲ್ಲಿಗೆ ನನ್ನ ಹೆಂಡತಿಯ ಪರೀಕ್ಷೆಯಲ್ಲಿ ಅವರು ಪಾಸಾದರು. ನಾನು ಆ ಪರೀಕ್ಷೆ ಇನ್ನೂ ಕಟ್ಟುತ್ತಲೇ ಇದ್ದೇನೆ.

ಅವರ ಜೀವನ ಚರಿತ್ರೆ ನಮ್ಮ ಅಡುಗೆಮನೆಯಲ್ಲಿ ಕಂತುಕಂತಾಗಿ ಹೊರಬಂತು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಸಣ್ಣ ಊರು. ಅಪ್ಪ ಶಾಲೆಯ ಬಸ್ಸು ಓಡಿಸುತ್ತಿದ್ದರಂತೆ. ಹಾಗಾಗಿ ಒಂದು ದಿನವೂ ಶಾಲೆ ತಪ್ಪಿಸಲಾಗಲಿಲ್ಲ ಎಂಬುದೇ ಅವರ ಬಾಲ್ಯದ ದೊಡ್ಡ ದುಃಖ. ಬಡತನವೂ ಇರಲಿಲ್ಲ, ಸಿರಿತನವೂ ಇರಲಿಲ್ಲ, ಮಳೆ ಮಾತ್ರ ಧಾರಾಳವಾಗಿತ್ತು. ಬೆಳೆದ ಮೇಲೆ ಬಿಸ್ಕತ್ತು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಪೊಟ್ಟಣದಲ್ಲಿ ಬಿಸ್ಕತ್ತು ಮುರಿದಿತ್ತು ಎಂದು ದೂರು ಕೊಟ್ಟವರಿಗೆ ಸಮಾಧಾನದ ಉತ್ತರ ಬರೆಯುವುದು. ಕಥೆ ಕಟ್ಟುವ ವಿದ್ಯೆಯನ್ನು ಅಲ್ಲೇ ಕಲಿತೆ ಎನ್ನುತ್ತಿದ್ದರು.

ನಲವತ್ತು ದಾಟಿದ ಮೇಲೆ ಪಕ್ಕದ ಮನೆಯ ಹೇಂಟೆಯೊಂದು ದಿನಾ ಬಂದು ಇವರ ತರಕಾರಿ ಮಡಿ ಕೆದಕತೊಡಗಿತು. ಪಕ್ಕದ ಮನೆಯವಳ ಜೊತೆ ಜಗಳಾಡುವ ಧೈರ್ಯ ಸಾಲದೆ ಇವರು ಆ ಕೋಳಿಯ ಮೇಲೆ ಒಂದು ಪುಸ್ತಕ ಬರೆದರು. ದ್ವೀಪವೊಂದರಲ್ಲಿ ಅಂಚೆ ಕಚೇರಿ ನಡೆಸುವ ಸಿಡುಕು ಹೇಂಟೆ ಅದು. ಎಲ್ಲರ ಕಾಗದವನ್ನೂ ಒಡೆದು ಓದುತ್ತದೆ, ನೆಟ್ಟಗೆ ಬರೆಯದ ಕಾಗದವನ್ನು ತಲುಪಿಸುವುದೇ ಇಲ್ಲ. ಮಕ್ಕಳಿಗೆ ಹಿಡಿಸಿತು. ಪಕ್ಕದ ಮನೆಯವಳಿಗೆ ಇನ್ನೂ ಹಿಡಿಸಿತು, ಅದು ತನ್ನದೇ ಕೋಳಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳಂತೆ. ಸೇಡು ತೀರಿಸಿಕೊಳ್ಳಲು ಹೋಗಿ ಶತ್ರುವಿಗೆ ಕೀರ್ತಿ ತಂದುಕೊಟ್ಟಂತಾಯಿತು.

ಆಮೇಲಿನದು ಸಾಹಿತಿಯ ಮಾಮೂಲು ಬದುಕು. ಹೇಂಟೆಯ ಒಂದು ಪುಸ್ತಕ ಓಡಿದರೆ ಮುಂದಿನದು ಕುಂಟುತ್ತಿತ್ತು. ಒಮ್ಮೆ ಒಂದು ಬಹುಮಾನ ಬಂತು, ಗಾಜಿನ ಬಟ್ಟಲು, ಅದರಲ್ಲಿ ಈಗ ಈರುಳ್ಳಿ ಹಾಕಿಡುತ್ತಾರೆ. ಶಾಲೆಯಿಂದ ಶಾಲೆಗೆ ತಿರುಗಿ ಕಥೆ ಓದಿ ಹೇಳಬೇಕು, ಕೊನೆಗೆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಎಲ್ಲ ಕಡೆಯೂ ಕೇಳುತ್ತಿದ್ದುದು ಒಂದೇ ಪ್ರಶ್ನೆಯಂತೆ: ನೀವು ಇನ್ನೂ ಬದುಕಿದ್ದೀರಾ? ಪುಸ್ತಕ ಬರೆದವರೆಲ್ಲ ಸತ್ತಿರುತ್ತಾರೆ ಎಂಬುದು ಮಕ್ಕಳ ನಂಬಿಕೆ. ನಮ್ಮ ಸಂಘದ ಅಧ್ಯಕ್ಷರದೂ ಅದೇ ನಂಬಿಕೆ.

ಅವರು ಬರೆಯುವ ಕ್ರಮ ಮಾತ್ರ ವಿಚಿತ್ರವಾಗಿತ್ತು. ಒಂದೊಂದು ಅಧ್ಯಾಯ ಮುಗಿದಾಗಲೂ ಫೋನಿನಲ್ಲಿ ತಮ್ಮ ಅಕ್ಕನಿಗೆ ಓದಿ ಹೇಳುತ್ತಿದ್ದರು. ಆ ಅಕ್ಕ ಉಣ್ಣೆ ನೂಲಿನ ಅಂಗಡಿ ಇಟ್ಟುಕೊಂಡವರು, ಸಾಹಿತ್ಯಕ್ಕೂ ಅವರಿಗೂ ಸಂಬಂಧವಿಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ನಗು ಬಂದರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು. ಬಿಕ್ಕಳಿಕೆ ಕೇಳಿಸಿದ ಅಧ್ಯಾಯ ಉಳಿಯುತ್ತಿತ್ತು, ಕೇಳಿಸದ್ದು ಕಸದ ಬುಟ್ಟಿಗೆ. ಎಲ್ಲ ಪುಸ್ತಕವೂ ಹಾಗೆಯೇ ಆದದ್ದು. ದೋಹಾಕ್ಕೆ ಬರುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಆ ಅಕ್ಕ ತೀರಿಕೊಂಡರು.

ಇದನ್ನು ಹೇಳಿದ್ದು ಒಂದು ಸಂಜೆ, ನನ್ನ ಹೆಂಡತಿ ಅವರನ್ನು ಮೊದಲ ಬಾರಿಗೆ ಅಕ್ಕ ಎಂದು ಕರೆದಾಗ. ಮೇಡಂ ಎನ್ನುವುದು ಅವಳಿಗೂ ಬೇಸರವಾಗಿತ್ತು. ಹಾಗೆಂದರೇನು ಎಂದು ಕೇಳಿದರು, ನಾನು ಅರ್ಥ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು. ತನ್ನನ್ನು ಯಾರೂ ಹಾಗೆ ಕರೆದಿಲ್ಲ, ಮನೆಯಲ್ಲಿ ತಾನೇ ಕಿರಿಯವಳು ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಹೇಂಟೆಯ ಕೊನೆಯ ಪುಸ್ತಕವನ್ನು ವರ್ಷದ ಕೊನೆಯೊಳಗೆ ಪ್ರಕಾಶಕರಿಗೆ ಕೊಡಬೇಕು. ಕೊಡದಿದ್ದರೆ ಆ ಬಾಗಿಲು ಮುಚ್ಚಿತು, ತಾನೂ ಮತ್ತೆ ಬರೆಯುವುದಿಲ್ಲ. ಪುಸ್ತಕವೇನೋ ಮುಕ್ಕಾಲು ಆಗಿದೆ. ಆದರೆ ಮುಕ್ತಾಯ ಬರುತ್ತಿಲ್ಲ. ಬಂದರೂ ತನಗೆ ಗೊತ್ತಾಗುವುದಿಲ್ಲ. "ಈಗ ನನಗೆ ಯಾವುದು ತಮಾಷೆ, ಯಾವುದು ಅಲ್ಲ ಎಂದೇ ತಿಳಿಯುವುದಿಲ್ಲ" ಎಂದರು. ನನಗೆ ನಿಜವಾಗಿ ಸಂಕಟವಾಯಿತು. ಕೈ ಕಾಲು ಹೋದವರನ್ನು ನೋಡಿದ್ದೇನೆ, ತಮಾಷೆಯೇ ಕೈಬಿಟ್ಟವರನ್ನು ಅದೇ ಮೊದಲು ನೋಡಿದ್ದು.

ಸಹಜವಾಗಿಯೇ ನಾನು ಮುಂದೆ ಬಂದೆ. ನಕ್ಕು ಹೇಳಲು ಒಬ್ಬ ಬೇಕು ಅಷ್ಟೇ ತಾನೇ, ಸಂಘದ ಆಸ್ಥಾನ ಹಾಸ್ಯಗಾರ ಕೆಳಗಿನ ಮನೆಯಲ್ಲೇ ಇದ್ದೇನೆ. ಅವರು ಒಂದು ಅಧ್ಯಾಯ ಓದಿದರು, ನಾನು ಎಲ್ಲ ಕಡೆಯೂ ನಕ್ಕೆ. ಒಂದೆರಡು ಕಡೆ ಜೋಕು ಮುಗಿಯುವ ಮೊದಲೇ ಮುಂಗಡ ನಗು ಕೊಟ್ಟೆ. ಅವರು ಹಾಳೆ ಮಡಚಿ, ನಿಮ್ಮದು ಗಿರಾಕಿ ಬಂದಾಗ ಅಂಗಡಿಯವರು ನಗುವ ನಗು ಎಂದರು. ಆಮೇಲೆ ಕಟ್ಟಡದ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ ಓದಿದರು. ಮಕ್ಕಳು ಕೈಕಟ್ಟಿ ಕೇಳಿದವು. ಕೊನೆಯಲ್ಲಿ ಒಂದು ಹುಡುಗಿ, ಇದು ಯೂನಿಟ್ ಟೆಸ್ಟಿಗೆ ಬರುತ್ತದೆಯೇ ಎಂದು ಕೇಳಿತು.

ಹೀಗಿರುವಾಗ ಒಂದು ದಿನ ನನ್ನ ಹೆಂಡತಿ ಬಂಗುಡೆ ಕ್ಲೀನ್ ಮಾಡುತ್ತಿದ್ದಳು, ಅವರು ಪಕ್ಕದಲ್ಲಿ ಕೂತು ಸುಮ್ಮನೆ ಓದತೊಡಗಿದರು. ಹೆಂಡತಿ ಮೀನಿನಿಂದ ಕಣ್ಣೆತ್ತಲಿಲ್ಲ. ಓದು ನಿಂತಾಗ "ಆಮೇಲೆ?" ಎಂದಳು. ಅವರು ಬೆಚ್ಚಿ ಅವಳ ಮುಖ ನೋಡಿದರು. ನಗದವಳು ಎಂದು ನಾನು ವಿವರಿಸಿದೆ, ಬೇಸರ ಮಾಡಿಕೊಳ್ಳಬೇಡಿ ಎಂದೆ. ಅವರಿಗೆ ಬೇಸರವಾಗಿರಲಿಲ್ಲ. ಅವಳು ಸುಳ್ಳು ನಗು ನಗುವವಳಲ್ಲ, ಅವಳನ್ನು ನಗಿಸಿದ ದಿನ ಈ ಪುಸ್ತಕ ದಡ ಸೇರಿದಂತೆ ಎಂದರು. ಅದು ಆಗುವ ಹೋಗುವ ಮಾತಲ್ಲ ಎಂದು ನಾನು ಎಚ್ಚರಿಸಿದೆ. ಮದುವೆಯಾದಂದಿನಿಂದ ನಾನು ಅದೇ ಕೆಲಸದಲ್ಲಿದ್ದೇನಲ್ಲ.

ಅಂದಿನಿಂದ ದಿನಾ ಸಂಜೆ ಅಡುಗೆಮನೆಯಲ್ಲಿ ಸಾಹಿತ್ಯಗೋಷ್ಠಿ. ಹೆಂಡತಿ ಕೇಳುತ್ತಿದ್ದಳು, ತಕರಾರು ತೆಗೆಯುತ್ತಿದ್ದಳು. ಕೋಳಿ ಅಂಚೆ ಕಚೇರಿ ನಡೆಸುವುದಕ್ಕೆ ಅವಳ ಆಕ್ಷೇಪವಿರಲಿಲ್ಲ, ಇಂಗ್ಲಿಷ್ ಓದುವುದಕ್ಕೂ ಇರಲಿಲ್ಲ. ಮೊಟ್ಟೆ ಇಟ್ಟ ಮೇಲೆ ಅದು ಸುಮ್ಮನೆ ಕೂತಿತು ಎಂಬಲ್ಲಿ ಮಾತ್ರ ಕತ್ತಿ ಕೆಳಗಿಟ್ಟಳು. ಮೊಟ್ಟೆ ಇಟ್ಟ ಹೇಂಟೆ ಊರಿಗೆಲ್ಲ ಕೇಳುವಂತೆ ಕೂಗದೆ ಇರುವುದುಂಟೇ ಎಂದಳು. ಅವರು ತಿದ್ದಿಕೊಂಡರು. ಇನ್ನಷ್ಟು ಓದಿದರು. ನಗು ಮಾತ್ರ ಬರಲಿಲ್ಲ. ಅಕ್ಟೋಬರ್ ಕಳೆಯಿತು, ಹೊರಗೆ ಗಾಳಿ ತಣ್ಣಗಾಯಿತು, ಅವರ ಮುಖವೂ ಇಳಿಯತೊಡಗಿತು. ಮೇಲಿನ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಂಡವು. ಪುಸ್ತಕಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರು.

ಅದೇ ಹೊತ್ತಿಗೆ ಸಂಘದ ಮಕ್ಕಳ ದಿನಾಚರಣೆ ಬಂತು, ಅತಿಥಿ ಬೇಕಿತ್ತು. ನಮ್ಮ ಅಧ್ಯಕ್ಷರು ಮುಐದರ್‌ನಲ್ಲಿರುವವರು, ಲಾರಿಗಳ ವ್ಯವಹಾರ. ನಮ್ಮ ಕಟ್ಟಡದಲ್ಲಿ ಒಬ್ಬ ಫಾರಿನ್ ಸಾಹಿತಿ ಇದ್ದಾರೆಂದು ಕೇಳಿ ಅವರಿಗೆ ರೋಮಾಂಚನವಾಯಿತು. ಬದುಕಿದ್ದಾರೆ ತಾನೇ ಎಂದು ಖಚಿತಪಡಿಸಿಕೊಂಡು, ಯಾವ ಪ್ರಶಸ್ತಿ ಬಂದಿದೆ ಎಂದು ಕೇಳಿದರು. ಗಾಜಿನ ಬಟ್ಟಲು ಎಂದೆ.

"ಬಟ್ಟಲು ಗಿಟ್ಟಲು ಅಂತ ಬರೀಬೇಡಿ ಮಾರಾಯ್ರೆ. ಸ್ಫಟಿಕದ ಕಲಶ ಅಂತ ಹಾಕಿ" ಎಂದರು ಅಧ್ಯಕ್ಷರು.

ಹಾಕಿದೆ. ಅಚ್ಚು ಹೇಗೂ ತಯಾರಿತ್ತು. ಐರ್ಲೆಂಡಿನ ಕುಗ್ರಾಮವೊಂದರ ಕಡು ಬಡ ಕುಟುಂಬದಲ್ಲಿ ಜನಿಸಿ, ಬೀದಿ ದೀಪದ ಕೆಳಗೆ ಓದಿ, ಬರಿಗಾಲಲ್ಲಿ ಹಿಮದ ಮೇಲೆ ನಡೆದು ಶಾಲೆಗೆ ಹೋಗಿ, ಬಾಲ್ಯದಿಂದಲೇ ಪಕ್ಷಿಸಂಕುಲದ ಮೇಲೆ ಅಪಾರ ಪ್ರೀತಿ ಬೆಳೆಸಿಕೊಂಡು, ಕುಕ್ಕುಟ ಸಾಹಿತ್ಯಕ್ಕೆ ಅನನ್ಯ ಕೊಡುಗೆ ನೀಡಿದ ಮಹಾನ್ ಚೇತನ. ಬರೆದು ಮುಗಿಸಿದಾಗ ನನಗೇ ಕಣ್ಣು ತೇವವಾಯಿತು.

ಸನ್ಮಾನದ ಮುಂಚೆ ಅದನ್ನು ತನಗೆ ಇಂಗ್ಲಿಷಿನಲ್ಲಿ ಓದಿ ಹೇಳಬೇಕೆಂದು ಮೇಲಿನ ಮನೆಯವರು ಹಟ ಹಿಡಿದರು. ಓದಿ ಹೇಳಿದೆ. ಯಾರಿವಳು, ಇಷ್ಟು ಒಳ್ಳೆಯವಳು, ನನಗೂ ಪರಿಚಯ ಮಾಡಿಸಿ ಎಂದರು. ಎಲ್ಲರ ಬಗ್ಗೆಯೂ ಹೀಗೇ ಹೇಳುತ್ತೀರಾ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೌದೆಂದೆ. ಹಾಗಾದರೆ ನಿಮ್ಮವರು ನಿಜ ಹೇಳುವುದು ಯಾವಾಗ ಎಂಬ ಪ್ರಶ್ನೆ ಬಂತು. ನಾನು ನಮ್ಮ ಪದ್ಧತಿ ವಿವರಿಸಿದೆ. ವೇದಿಕೆಯಲ್ಲಿ ಹೊಗಳುವುದು, ಊಟಕ್ಕೆ ಕೂತಾಗ ಸುಮ್ಮನಿರುವುದು, ನಿಜವನ್ನು ಕಾರಿನಲ್ಲಿ ಮನೆಗೆ ಹೋಗುವಾಗ ಹೇಳುವುದು. ಕಾರಿನ ಬಾಗಿಲು ಮುಚ್ಚಿದ ಮೇಲೆಯೇ ನಮ್ಮಲ್ಲಿ ವಿಮರ್ಶೆ ಶುರುವಾಗುವುದು.

ನಾನಿಲ್ಲದಿದ್ದರೆ ಸಂಘದ ಕಾರ್ಯಕ್ರಮವೇ ನಡೆಯುವುದಿಲ್ಲ ಎಂದೂ ಸೇರಿಸಿದೆ. ಅಷ್ಟರಲ್ಲಿ ನನ್ನ ಹೆಂಡತಿ ಒಲೆಯ ಕಡೆಯಿಂದಲೇ, ತನ್ನ ಕೋಳಿ ಕೂಗದಿದ್ದರೆ ಬೆಳಗೇ ಆಗುವುದಿಲ್ಲ ಎಂದುಕೊಂಡ ಅಜ್ಜಿಯ ಮಾತು ತೆಗೆದಳು. ಅದನ್ನೂ ನಾನೇ ಉತ್ಸಾಹದಿಂದ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನನ್ನ ಭಾಷಣವನ್ನು ಮತ್ತೊಮ್ಮೆ ಓದಿಸಿದರು, ಬೀದಿ ದೀಪದ ಭಾಗವನ್ನು ಇನ್ನೂ ಒಮ್ಮೆ. ನನ್ನ ಶೈಲಿಗೆ ಮರುಳಾದರು ಎಂದುಕೊಂಡೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ.

ಕಾರ್ಯಕ್ರಮ ಶುಕ್ರವಾರ ಬೆಳಿಗ್ಗೆ, ಅಲ್ ಥುಮಾಮಾದ ಒಂದು ಬಾಡಿಗೆ ಹಾಲ್‌ನಲ್ಲಿ. ನಾನು ಹೋಗಿ ನೋಡಿದರೆ ವೇದಿಕೆಯ ಬ್ಯಾನರಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ "ಇಂಗ್ಲೆಂಡಿನ ಖ್ಯಾತ ಸಾಹಿತಿ" ಎಂದು ಅಚ್ಚಾಗಿತ್ತು. ಎರಡೂ ಒಂದೇ ಅಲ್ವಾ, ಅಲ್ಲೇ ಪಕ್ಕದ್ದಲ್ವಾ ಎಂದರು ಅಧ್ಯಕ್ಷರು. ನಾನು ಇತಿಹಾಸ ಹೇಳಲು ಹೋಗಲಿಲ್ಲ. ಇಲ್ಲಿಯವರು ನಮ್ಮನ್ನು ಕೇರಳದವರೆಂದು ತಿಳಿದು ಮಲಬಾರಿ ಅಂದಾಗ ನಿಮಗೆ ಹೇಗಾಗುತ್ತದೆ ಎಂದು ಮಾತ್ರ ಕೇಳಿದೆ. ಅಧ್ಯಕ್ಷರು ಇದೇ ವಿಷಯಕ್ಕೆ ಒಮ್ಮೆ ದೊಡ್ಡ ಕಾಂಟ್ರಾಕ್ಟನ್ನೇ ಬಿಟ್ಟು ಎದ್ದು ಬಂದವರು. ಮುಖ ಕೆಂಪಾಯಿತು, ತಾವೇ ಕುರ್ಚಿ ಹತ್ತಿ ಆ ಪದದ ಮೇಲೆ ಬಲೂನುಗಳನ್ನು ಅಂಟಿಸಿದರು.

ಸನ್ಮಾನ ಶಾಸ್ತ್ರೋಕ್ತವಾಗಿ ನಡೆಯಿತು. ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟಾಗ ಅನಾನಸಿನ ಜುಟ್ಟಿನ ಹಿಂದೆ ಮುಖವೂ ಮರೆಯಾಯಿತು. ನಾನು ಪರಿಚಯ ಓದಿದೆ. ಅತಿಥಿಗೆ ಗೌರವವಾಗಿ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಸಭೆ ಚಪ್ಪಾಳೆ ತಟ್ಟಿತು. ಬಲೂನು ಒಂದೊಂದಾಗಿ ಒಡೆದು ಹಿಂದಿನಿಂದ ಇಂಗ್ಲೆಂಡು ಇಣುಕಿತು. ಅವರು ತಿರುಗಿ ನೋಡಿ, ಇದು ಐರ್ಲೆಂಡಿನವರಾದ ನಮಗೆ ಹಳೆಯ ಅಭ್ಯಾಸ ಎಂದರು.

ಧನ್ಯವಾದದ ಎರಡು ಮಾತು ಎಂದು ಮೈಕು ಕೊಟ್ಟರೆ ಅವರು ಕೈಚೀಲದಿಂದ ಹಾಳೆಗಳನ್ನು ತೆಗೆದು, ಹೊಸದೊಂದು ಅಧ್ಯಾಯ ಓದುತ್ತೇನೆ ಎಂದರು. ಅಂಚೆ ಕಚೇರಿಯ ಹೇಂಟೆಗೆ ಒಬ್ಬ ಗಂಡನಿದ್ದಾನಂತೆ, ಹುಂಜ. ದ್ವೀಪದಲ್ಲಿ ಯಾವ ಹೇಂಟೆ ಮೊಟ್ಟೆ ಇಟ್ಟರೂ ಇವನು ಬೇಲಿ ಹತ್ತಿ ಆ ಮೊಟ್ಟೆಯ ಪರಿಚಯ ಮಾಡಿಕೊಡಬೇಕು. ಇಲ್ಲದಿದ್ದರೆ ಮೊಟ್ಟೆಗೆ ಮರ್ಯಾದೆ ಇಲ್ಲ, ಸೂರ್ಯ ಹುಟ್ಟುವುದೂ ಅನುಮಾನ ಎಂದು ಅವನ ನಂಬಿಕೆ. ಈ ಮೊಟ್ಟೆ ಕಡು ಬಡತನದ ಗೂಡಿನಲ್ಲಿ ಜನಿಸಿ, ಬೀದಿ ದೀಪದ ಕೆಳಗೆ ಕಾವು ಪಡೆದು, ಬಾಲ್ಯದಿಂದಲೇ ದುಂಡಗಿದ್ದು...

ಸಭೆಯ ಕುತ್ತಿಗೆಗಳೆಲ್ಲ ನಿಧಾನವಾಗಿ ನನ್ನ ಕಡೆ ತಿರುಗಿದವು. ನನಗೆ ಕಿವಿ ಬಿಸಿಯಾಯಿತು. ಓದು ಮುಂದುವರಿಯಿತು. ಹುಂಜನ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಮೊಟ್ಟೆ ಒಡೆದು ಮರಿ ಹೊರಬಂತು. ಭಾಷಣ ನಡೆದೇ ಇತ್ತು. ಮರಿ ಶಾಲೆಗೆ ಹೋಯಿತು, ಬೆಳೆದು ಹೇಂಟೆಯಾಯಿತು, ಬೇಲಿಯ ಕೆಳಗೇ ಬಂದು ತಾನೂ ಒಂದು ಮೊಟ್ಟೆ ಇಟ್ಟಿತು. ಹುಂಜ ನೀರು ಕುಡಿದು, ಕೊನೆಯದಾಗಿ ಒಂದು ಮಾತು ಎಂದ.

ಆಗ ಮೂರನೆಯ ಸಾಲಿನಿಂದ ಒಂದು ಸದ್ದು ಬಂತು, ಕುಕ್ಕರು ಸೀಟಿ ಹಾಕುವ ಮುಂಚೆ ತಡೆತಡೆದು ಉಸಿರುಬಿಡುತ್ತದಲ್ಲ, ಹಾಗೆ. ಆಮೇಲೆ ಸೀಟಿಯೇ ಬಂತು. ನನ್ನ ಹೆಂಡತಿ ನಗುತ್ತಿದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳ ಒಸಡು ನೋಡಿದೆ. ನನಗೆ ಅವಮಾನವಾಯಿತು, ಸಿಟ್ಟು ಬಂತು, ಎರಡರ ಅಡಿಯಲ್ಲಿ ಎಲ್ಲೋ ಭಯಂಕರ ಸಂತೋಷವೂ ಆಯಿತು. ನಗಿಸಿದ್ದು ಅವರಿರಬಹುದು, ಸರಕು ನನ್ನದೇ ಅಲ್ಲವೇ.

ವೇದಿಕೆಯ ಮೇಲೆ ಅವರು ಓದು ನಿಲ್ಲಿಸಿ, ಪೇಟವನ್ನು ಹಣೆಯಿಂದ ಮೇಲೆ ಸರಿಸಿ, ಆ ನಗುವನ್ನೇ ನೋಡುತ್ತ ನಿಂತರು. ನಗು ಇಳಿದ ಮೇಲೆ ಕೊನೆಯ ಹಾಳೆ ಓದಿದರು. ಆ ಮರಿ ಅಂಚೆ ಕಚೇರಿಯ ಹೇಂಟೆಯ ಹತ್ತಿರ ಹೋಗಿ, ಇಷ್ಟು ವರ್ಷ ಈ ಹುಂಜನನ್ನು ಹೇಗೆ ಸಹಿಸಿಕೊಂಡೆ ಎಂದು ಕೇಳುತ್ತದೆ. ಹೇಂಟೆ ಕಾಗದಗಳನ್ನು ಕೆಳಗಿಟ್ಟು ಉತ್ತರ ಕೊಡುತ್ತದೆ. ಅದೇ ಪುಸ್ತಕದ ಕೊನೆಯ ಮಾತು. ಆ ಮಾತು ಇನ್ನೂ ತನಗೆ ಸಿಕ್ಕಿಲ್ಲ ಎಂದು ಹೇಳಿ ಕೂತುಬಿಟ್ಟರು. ಅಧ್ಯಕ್ಷರು ಎದ್ದು, ಕೋಳಿಯಿಂದ ಮಕ್ಕಳು ಬೇಗ ಏಳುವ ಶಿಸ್ತು ಕಲಿಯಬೇಕು ಎಂದರು.

ಊಟ ಮುಗಿಸಿ ಹೊರಟೆವು. ಲೇಖಕಿಯ ಗಂಡ ಡ್ಯೂಟಿಯಲ್ಲಿದ್ದರು, ಹಾಗಾಗಿ ಅವರೂ ನಮ್ಮ ಕಾರಿನಲ್ಲೇ. ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಅಪ್ಪಿಕೊಂಡು, ಪೇಟ ತಲೆಯ ಮೇಲೆಯೇ ಇಟ್ಟುಕೊಂಡು ಕೂತಿದ್ದರು. ಮಧ್ಯಾಹ್ನದ ಬಿಸಿಲಿಗೆ ರಸ್ತೆ ಬೆಳ್ಳಗೆ ಹೊಳೆಯುತ್ತಿತ್ತು. ಕಾರಿನ ಬಾಗಿಲು ಮುಚ್ಚಿತಲ್ಲ, ಪದ್ಧತಿಯಂತೆ ಹೆಂಡತಿ ತುಳುವಿನಲ್ಲಿ ನಿಜ ಹೇಳತೊಡಗಿದಳು. ಪಾಯಸ ನೀರಾಗಿತ್ತು, ಅಧ್ಯಕ್ಷರಿಗೆ ಯಾರಾದರೂ ಮೈಕು ಕೊಡುವುದನ್ನು ನಿಲ್ಲಿಸಬೇಕಿತ್ತು. ಎರಡು ರೌಂಡಬೌಟ್ ದಾಟಿದೆವು. ಕೊನೆಗೆ ತಡೆಯಲಾಗಲಿಲ್ಲ. ಅಷ್ಟು ನಗುವಂಥದ್ದು ಏನಿತ್ತು, ನಾನು ಅಷ್ಟು ಕಷ್ಟದ ಮನುಷ್ಯನಾಗಿದ್ದರೆ ಇಷ್ಟು ವರ್ಷ ಹೇಗೆ ಸಹಿಸಿದೆ ಎಂದು ಕೇಳಿದೆ. ತಮಾಷೆಗೆ ಕೇಳಿದ್ದಲ್ಲ, ನನಗೆ ನಿಜವಾಗಿ ಗೊತ್ತಾಗಬೇಕಿತ್ತು.

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ನೀವು ಮಾತಾಡ್ತಾ ಇದ್ರೆ ಮನೆಗೆ ಬಂದಿದ್ದೀರಿ ಅಂತ ಗೊತ್ತಾಗ್ತದೆ. ನಾನು ಕೇಳುವುದು ಅಷ್ಟಕ್ಕೆ. ಏನು ಹೇಳ್ತೀರಿ ಅಂತ ಯಾರು ಕೇಳ್ತಾರೆ?"

ಹಿಂದಿನಿಂದ ಅವರು, ಅವಳೇನೆಂದಳು ಎಂದು ಕೇಳಿದರು. ಪಾಯಸದ ವಿಷಯ ಎಂದು ಹೇಳಿ ಮುಗಿಸಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಕನ್ನಡಿಯಲ್ಲಿ ಆ ಪೇಟ, ಅದರ ಕೆಳಗೆ ಕಾಯುತ್ತಿದ್ದ ಆ ಮುಖ ಕಂಡಿತು. ನನ್ನ ಪ್ರಶ್ನೆಯನ್ನೂ ಅವಳ ಉತ್ತರವನ್ನೂ ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ ಇಂಗ್ಲಿಷಿನಲ್ಲಿ ಹೇಳಿದೆ. ಯಾರೊಬ್ಬರ ಬಗ್ಗೆಯೂ ಇದ್ದದ್ದನ್ನು ಇದ್ದ ಹಾಗೆ ನಾನು ಹೇಳಿದ್ದು ಅದೇ ಮೊದಲು. ಆ ಯಾರೊಬ್ಬರು ನಾನೇ ಆಗಬೇಕೇ?

 ಹಿಂದಿನ ಸೀಟಿನಿಂದ ಒಂದು ಬಿಕ್ಕಳಿಕೆ ಕೇಳಿಸಿತು. ಇನ್ನೊಂದು. ಬುಟ್ಟಿಯ ಸೆಲ್ಲೋಫೇನ್ ಚರಚರ ಎನ್ನತೊಡಗಿತು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಕನ್ನಡಿಯಲ್ಲಿ ಗೊತ್ತಾಗಲಿಲ್ಲ, ಎರಡೂ ಇರಬೇಕು. ತನಗೂ ಬಿಕ್ಕಳಿಕೆ ಬರುತ್ತದೆಂದು ತನಗೇ ಗೊತ್ತಿರಲಿಲ್ಲ, ಇಷ್ಟು ವರ್ಷ ಅಕ್ಕನದ್ದು ಕೇಳುವುದರಲ್ಲೇ ಇದ್ದೆ ಎಂದರು. ನನ್ನ ಹೆಂಡತಿ ನೀರಿನ ಬಾಟಲಿ ಹಿಂದಕ್ಕೆ ಚಾಚಿದಳು. ಅವರು ಕುಡಿದು, ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು, ಇಲ್ಲಿಗೆ ಬಂದ ಮೇಲೆ ಕಲಿತ ಒಂದೇ ಅರಬಿ ಪದವನ್ನು ಹೇಳಿದರು.

"ಖಲಾಸ್. ಅದೇ ಕೊನೆಯ ಮಾತು. ಪುಸ್ತಕ ಮುಗಿಯಿತು."

ನಾನು ಮುಂದೆ ಒಂದಕ್ಷರ ಆಡಲಿಲ್ಲ. ಆಡಿದರೆ ಯಾರು ಕೇಳುತ್ತಾರೆ ಎಂಬ ಸಿಟ್ಟೂ ಇತ್ತು, ಕೇಳಿಯೇಬಿಟ್ಟರೆ ಏನು ಹೇಳುವುದು ಎಂಬ ಹೆದರಿಕೆಯೂ ಇತ್ತು. ಅಲ್ ಗರಾಫಾದ ತಿರುವು ಕಂಡಿತು. ಹೆಂಡತಿ ಎರಡು ಸಲ ನನ್ನ ಕಡೆ ನೋಡಿದಳು.

"ಏನಾದ್ರೂ ಮಾತಾಡಿ ಮಾರಾಯ್ರೆ" ಎಂದಳು. "ಕಾರು ಖಾಲಿ ಖಾಲಿ ಅನ್ನಿಸ್ತದೆ."